ಮನೆಯಲ್ಲೇ ವೆಬ್‌ಸೈಟ್ ಇಡೋಕೆ ಯಾವ ಸರ್ವರ್? ನನ್ನ ಓಟು ಕ್ಯಾಡಿಗೆ

ಹಳೇ ಲ್ಯಾಪ್‌ಟಾಪ್ ಮೇಲೋ ರಾಸ್ಪ್‌ಬೆರಿ ಪೈ ಮೇಲೋ ಸ್ವಂತ ಸೈಟ್ ನಡೆಸೋಣ ಅಂತ ಹೊರಟವರು ಮೊದಲು ಕೇಳೋದು ಯಾವ ಸರ್ವರ್ (ಪುಟಗಳನ್ನು ಬ್ರೌಸರಿಗೆ ಕಳಿಸುವ ಪ್ರೋಗ್ರಾಂ) ಫಾಸ್ಟ್ ಅಂತ. ಆ ಪ್ರಶ್ನೆ ಬಿಟ್ಟುಬಿಡಿ. ನಾಲ್ಕು ಪುಟ, ಒಂದಷ್ಟು ಫೋಟೋ ಇರುವ ಸೈಟಿಗೆ ಎಲ್ಲ ಸರ್ವರ್‌ಗಳೂ ಬೇಕಾದ್ದಕ್ಕಿಂತ ಜಾಸ್ತಿಯೇ ಫಾಸ್ಟ್. ಸಾಫ್ಟ್‌ವೇರ್ ಸುಸ್ತಾಗುವ ಮೊದಲೇ ನಿಮ್ಮ ಕನೆಕ್ಷನ್ನಿನ ಅಪ್‌ಲೋಡ್ ಸ್ಪೀಡ್ ಕೈಕೊಡುತ್ತದೆ. ನಾನು ನೋಡೋದು ಒಂದೇ: ಆರು ತಿಂಗಳು ಆ ಕಡೆ ತಲೆ ಹಾಕದೆ ಇದ್ದು, ಆಮೇಲೆ ಕಾನ್ಫಿಗ್ ಫೈಲ್ (ಸೆಟ್ಟಿಂಗ್ ಬರೆದಿಡುವ ಫೈಲ್) ತೆರೆದರೆ ನನಗೆ ಅರ್ಥ ಆಗುತ್ತಾ? ಅಷ್ಟು ದಿನ ನಾನು ಇಲ್ಲದೆ ಅದು ಓಡಿರುತ್ತಾ?

ಈ ಲೆಕ್ಕದಲ್ಲಿ ಕ್ಯಾಡಿ ಅನ್ನುವ ಸರ್ವರ್ ಗೆಲ್ಲುತ್ತದೆ, ಅದೂ ಸುಲಭವಾಗಿ. 2015ರಲ್ಲಿ ಬಂದಿದ್ದು, ಗೋ ಭಾಷೆಯಲ್ಲಿ ಬರೆದಿದ್ದು, ಈಗ ಎಲ್ಲರೂ ಬಳಸುವ ಎರಡನೇ ಆವೃತ್ತಿ 2020ರದ್ದು. ಇಡೀ ಪ್ರೋಗ್ರಾಂ ಒಂದೇ ಫೈಲ್. ಕಾನ್ಫಿಗ್ ಎಷ್ಟು ಚಿಕ್ಕದು ಅಂದರೆ, ಮೊದಲು ನಿಮ್ಮ ಡೊಮೇನ್ ಹೆಸರು, ಬ್ರಾಕೆಟ್ ಒಳಗೆ ಫೈಲುಗಳು ಎಲ್ಲಿವೆ ಅಂತ ಹೇಳುವ ಒಂದು ಸಾಲು, ಫೈಲ್ ಸರ್ವರ್ ಶುರು ಮಾಡು ಅನ್ನುವ ಇನ್ನೊಂದು ಸಾಲು, ಮುಗೀತು. ಎಚ್‌ಟಿಟಿಪಿಎಸ್ ಬೇಕು ಅಂತ ಎಲ್ಲೂ ಬರೆಯಬೇಕಾಗಿಲ್ಲ. ಡೊಮೇನ್ ನಿಮ್ಮ ಮನೆಯ ಐಪಿಗೆ ತೋರಿಸುತ್ತಿದ್ದು, ರೌಟರ್‌ನಲ್ಲಿ 80 ಮತ್ತು 443 ಪೋರ್ಟ್ ಆ ಯಂತ್ರಕ್ಕೆ ಫಾರ್ವರ್ಡ್ ಆಗಿದ್ದರೆ, ಕ್ಯಾಡಿಯೇ ಹೋಗಿ ಎಚ್‌ಟಿಟಿಪಿಎಸ್‌ಗೆ ಬೇಕಾದ ಸರ್ಟಿಫಿಕೇಟ್ (ಡೊಮೇನ್ ನಿಮ್ಮದೇ ಅನ್ನುವ ಪುರಾವೆ) ತರುತ್ತದೆ, ಅವಧಿ ಮುಗಿಯುವ ಮೊದಲು ಅದೇ ನವೀಕರಿಸುತ್ತದೆ, ಎಚ್‌ಟಿಟಿಪಿಯಲ್ಲಿ ಬಂದವರನ್ನು ಎಚ್‌ಟಿಟಿಪಿಎಸ್‌ಗೆ ಕಳಿಸುತ್ತದೆ.

ಇದರ ಬೆಲೆ ಗೊತ್ತಾಗಬೇಕಾದರೆ ಎಂಜಿನ್‌ಎಕ್ಸ್ ಅನ್ನುವ ಇನ್ನೊಂದು ಸರ್ವರ್ ಬಳಸಿ ನೋಡಬೇಕು. ಇಗೊರ್ ಸಿಸೊಯೆವ್ ಇದನ್ನು 2004ರಲ್ಲಿ ಹೊರಬಿಟ್ಟಿದ್ದೇ ಒಂದು ಯಂತ್ರದಲ್ಲಿ ಹತ್ತು ಸಾವಿರ ಕನೆಕ್ಷನ್ ನಿಭಾಯಿಸಬೇಕು ಅನ್ನುವ ಗುರಿಯಿಂದ. ಮೆಮೊರಿ ಕಡಿಮೆ ತಿನ್ನುತ್ತದೆ, ಗಟ್ಟಿಮುಟ್ಟು, ಏನೇ ಸಮಸ್ಯೆ ಬಂದರೂ ಹುಡುಕಿದರೆ ಉತ್ತರ ಸಿಗುತ್ತದೆ. ಆದರೆ ಸರ್ಟಿಫಿಕೇಟ್ ತರೋಕೆ ಸಾಮಾನ್ಯವಾಗಿ ಸರ್ಟ್‌ಬಾಟ್ ಥರದ ಇನ್ನೊಂದು ಪ್ರೋಗ್ರಾಂ ಹಾಕಿಕೊಳ್ಳಬೇಕು. ಉಚಿತವಾಗಿ ಸರ್ಟಿಫಿಕೇಟ್ ಹಂಚುವ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಕೊಡುವ ಮಾಮೂಲಿ ಸರ್ಟಿಫಿಕೇಟ್ ಬಾಳೋದು 90 ದಿನ. ವೆಬ್‌ರೂಟ್ ವಿಧಾನದಲ್ಲಿ (ಸೈಟಿನ ಫೋಲ್ಡರಿನಲ್ಲಿ ಒಂದು ಫೈಲಿಟ್ಟು ಡೊಮೇನ್ ನಿಮ್ಮದು ಅಂತ ತೋರಿಸೋದು) ಹೊಸದು ಡಿಸ್ಕಿಗೆ ಬಂದು ಕೂತಿದ್ದರೂ, ಎಂಜಿನ್‌ಎಕ್ಸ್‌ಗೆ ರೀಲೋಡ್ ಆಗು ಅಂತ ಯಾರೂ ಹೇಳದಿದ್ದರೆ ಅದು ಹಳೇ ಸರ್ಟಿಫಿಕೇಟನ್ನೇ ಹಿಡ್ಕೊಂಡು ಕೂತಿರುತ್ತದೆ. ಸರ್ಟ್‌ಬಾಟ್ ಲಾಗ್‌ನಲ್ಲಿ ಎಲ್ಲ ಸರಿ, ಬ್ರೌಸರಲ್ಲಿ ಕೆಂಪು ಎಚ್ಚರಿಕೆ. ಇನ್ನು ಬಂದ ಕೋರಿಕೆಯನ್ನು ಬೇರೆ ಪ್ರೋಗ್ರಾಂಗೆ ದಾಟಿಸುವ ಪ್ರಾಕ್ಸಿ ಪಾಸ್ ಸಾಲಿನಲ್ಲಿ ವಿಳಾಸದ ಕೊನೆಗೆ ಒಂದು ಸ್ಲ್ಯಾಶ್ ಇದ್ದರೆ ಒಂದು ಅರ್ಥ, ಇಲ್ಲದಿದ್ದರೆ ಇನ್ನೊಂದು. ದಿನಾ ಇದೇ ಕೆಲಸ ಮಾಡುವವರಿಗೆ ಇದು ಬಾಯಿಪಾಠ, ವರ್ಷಕ್ಕೊಮ್ಮೆ ಮುಟ್ಟುವವರಿಗೆ ಪ್ರತಿ ಸಲವೂ ಹೊಸ ಪಾಠ. ಉದ್ಯೋಗಕ್ಕಾಗಿ ಕಲಿಯುವ ಉದ್ದೇಶ ಇದ್ದರೆ ಮಾತ್ರ ಎರಡನೇ ಯೋಚನೆ ಬೇಡ, ಎಂಜಿನ್‌ಎಕ್ಸ್ ಹಾಕಿ.

ಅಪಾಚೆ ಸರ್ವರ್ 1995ರಿಂದ ಇದೆ. ವರ್ಡ್‌ಪ್ರೆಸ್ ಅಥವಾ ಹಳೇ ಪಿಎಚ್‌ಪಿ ಸೈಟ್ ಒಂದನ್ನು ಎಚ್‌ಟಿಆಕ್ಸೆಸ್ ಫೈಲುಗಳ (ಫೋಲ್ಡರುಗಳಲ್ಲೇ ಇಡುವ ಅಪಾಚೆ ಸೆಟ್ಟಿಂಗ್‌ಗಳು) ಸಮೇತ ಎತ್ತಿಕೊಂಡು ಬರುತ್ತಿದ್ದರೆ ಅದೇ ಆರಾಮ. ಬರೀ ಎಚ್‌ಟಿಎಂಎಲ್ ಪುಟಗಳಿಗೆ ಅದು ಅತಿಯಾಯಿತು. ತೀರಾ ಕಡಿಮೆ ರ್ಯಾಮ್ ಇರುವ ಯಂತ್ರವಾದರೆ ಲೈಟ್‌ಟಿಪಿಡಿ ಇದೆ. ಪೈಥಾನ್ ಜೊತೆ ಬರುವ ಒಂದು ಸಾಲಿನ ಸರ್ವರ್ ಸಾಕಲ್ವಾ ಅಂತ ಕೇಳುವವರಿಗೆ: ಸಾಲದು, ಅದನ್ನು ಹೊರಜಗತ್ತಿಗೆ ಇಡಬೇಡಿ ಅಂತ ಅದರ ಕೈಪಿಡಿಯೇ ಹೇಳುತ್ತದೆ.

ಕ್ಯಾಡಿಯಲ್ಲಿ ನನಗೆ ಹಿಡಿಸದ್ದೂ ಇದೆ. ಯಾರು ಬಂದರು ಹೋದರು ಅನ್ನುವ ಆಕ್ಸೆಸ್ ಲಾಗ್ ತಾನಾಗಿ ಬರೆಯೋದಿಲ್ಲ, ಲಾಗ್ ಅನ್ನುವ ಸಾಲು ನೀವೇ ಸೇರಿಸಬೇಕು. ಪುಟಗಳನ್ನು ಕುಗ್ಗಿಸಿ ಕಳಿಸೋಕೂ ಇನ್ನೊಂದು ಸಾಲು ಬೇಕು. ಎರಡೂ ಮೊದಲಿಂದಲೇ ಇದ್ದಿದ್ದರೆ ಏನು ಗಂಟು ಹೋಗುತ್ತಿತ್ತೋ. ಅದಕ್ಕಿಂತ ದೊಡ್ಡ ಕಿರಿಕಿರಿ, 80 ಮತ್ತು 443 ಎರಡನ್ನೂ ಇಂಟರ್ನೆಟ್ ಕಂಪನಿ ತಡೆದಿದ್ದರೆ ಡಿಎನ್‌ಎಸ್ (ಡೊಮೇನ್ ಹೆಸರಿನ ದಾಖಲೆಗಳು) ಮೂಲಕ ಸರ್ಟಿಫಿಕೇಟ್ ಪಡೀಬೇಕು, ಅದಕ್ಕೆ ಬೇಕಾದ ಪ್ಲಗಿನ್ ಮಾಮೂಲಿ ಪ್ಯಾಕೇಜಿನಲ್ಲಿ ಇರೋದಿಲ್ಲ. ಪ್ಲಗಿನ್ ಸೇರಿಸಿದ ಬೇರೆ ಬಿಲ್ಡ್ ಹಾಕಿಕೊಳ್ಳಬೇಕು, ಅಪ್‌ಡೇಟ್ ಮಾಡುವಾಗಲೂ ಅದನ್ನು ನೆನಪಿಡಬೇಕು.

ಯಾವ ಸರ್ವರ್ ಹಾಕಿದರೂ ಎರಡು ಕಡೆ ಸಿಕ್ಕಿಬೀಳುತ್ತೀರಿ. ಒಂದು, 403, ಅಂದರೆ ಪ್ರವೇಶ ಇಲ್ಲ ಅನ್ನುವ ಎರರ್. ಸೈಟಿನ ಫೋಲ್ಡರ್ ನಿಮ್ಮ ಹೋಮ್ ಡೈರೆಕ್ಟರಿ ಒಳಗಿದ್ದರೆ ಸರ್ವರ್ ಅದನ್ನು ಓದೋಕೆ ಆಗೋದಿಲ್ಲ, ಯಾಕೆಂದರೆ ಅದು ಓಡೋದು ಬೇರೆ ಯೂಸರ್ ಹೆಸರಲ್ಲಿ, ಮತ್ತು ಉಬುಂಟು 21.04ರಿಂದ ಹೊಸದಾಗಿ ಸೃಷ್ಟಿಯಾಗುವ ಹೋಮ್ ಡೈರೆಕ್ಟರಿಯೊಳಗೆ ಬೇರೆಯವರಿಗೆ ಪ್ರವೇಶವೇ ಇಲ್ಲ. ಎಲ್ಲದಕ್ಕೂ 777 ಪರ್ಮಿಷನ್ (ಯಾರು ಬೇಕಾದರೂ ಓದಬಹುದು, ತಿದ್ದಬಹುದು) ಕೊಟ್ಟು ಕೈತೊಳೆದುಕೊಳ್ಳಬೇಡಿ, ಫೋಲ್ಡರನ್ನು ಎಸ್‌ಆರ್‌ವಿ (/srv) ಡೈರೆಕ್ಟರಿ ಕೆಳಗೆ ಹಾಕಿ. ಇನ್ನೊಂದು, ರೌಟರ್ ಪುಟದಲ್ಲಿ ವ್ಯಾನ್ ಐಪಿ (ಇಂಟರ್ನೆಟ್ ಕಂಪನಿ ರೌಟರಿಗೆ ಕೊಟ್ಟ ವಿಳಾಸ) ನೋಡಿ. ಅದು 100.64ರಿಂದ 100.127ರ ಒಳಗೆ ಶುರುವಾಗುತ್ತಿದ್ದರೆ ನಿಮ್ಮ ಕಂಪನಿ ಒಂದೇ ಐಪಿಯನ್ನು ಹಲವು ಮನೆಗಳಿಗೆ ಹಂಚಿದೆ ಅಂತ ಅರ್ಥ. ಆಗ ಪೋರ್ಟ್ ಫಾರ್ವರ್ಡ್ ಎಷ್ಟು ಮಾಡಿದರೂ ಪ್ರಯೋಜನ ಇಲ್ಲ. ಹೊಸ ಬಗೆಯ ವಿಳಾಸವಾದ ಐಪಿವಿ6 ಇದ್ದರೆ ಅದು, ಇಲ್ಲದಿದ್ದರೆ ಹೊರಗಿನ ಸರ್ವರ್ ಮೂಲಕ ದಾರಿ ಮಾಡುವ ಟನೆಲ್ಲೇ ಗತಿ. ಇದನ್ನು ಸರ್ವರ್ ಹಾಕುವ ಮೊದಲೇ ನೋಡಿಕೊಳ್ಳಿ, ಇಲ್ಲದಿದ್ದರೆ ಸರ್ಟಿಫಿಕೇಟ್ ಕೊಡುವ ಮುಂಚಿನ ಡೊಮೇನ್ ಪರಿಶೀಲನೆಯೇ ಫೇಲ್ ಆಗಬಹುದು. ಲೆಟ್ಸ್ ಎನ್‌ಕ್ರಿಪ್ಟ್‌ನಲ್ಲಿ ಒಂದು ಹೆಸರಿಗೆ ಗಂಟೆಗೆ 5 ಸಲ ಪರಿಶೀಲನೆ ಫೇಲ್ ಆದರೆ ಸ್ವಲ್ಪ ಹೊತ್ತು ಕಾಯಿಸುತ್ತಾರೆ.

ಸರ್ಟಿಫಿಕೇಟ್ ಸಿಕ್ಕ ಕೂಡಲೇ ನಿಮ್ಮ ಡೊಮೇನ್ ಹೆಸರು ಸಾರ್ವಜನಿಕ ಲಾಗ್‌ಗಳಲ್ಲಿ ದಾಖಲಾಗುತ್ತದೆ, ಬಾಟ್‌ಗಳು ಅಲ್ಲೇ ಕಾದು ಕೂತಿರುತ್ತವೆ. ಯಾರಿಗೂ ಹೇಳದ ಸೈಟಿಗೆ ಸ್ವಲ್ಪ ಹೊತ್ತಿಗೇ ಜನ ಬಂದ ಹಾಗೆ ಕಾಣುತ್ತದೆ. ಲಾಗ್ ತೆಗೆದರೆ ವರ್ಡ್‌ಪ್ರೆಸ್ ಲಾಗಿನ್ ಪುಟ ಎಲ್ಲಿ, ಗಿಟ್ (ಕೋಡಿನ ಆವೃತ್ತಿಗಳನ್ನೆಲ್ಲ ಇಟ್ಟುಕೊಳ್ಳುವ ಪ್ರೋಗ್ರಾಂ) ಫೋಲ್ಡರ್ ಎಲ್ಲಿ ಅಂತ ಹುಡುಕಾಟ. 404 ಬರುತ್ತಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಆದರೆ ಸೈಟನ್ನು ಗಿಟ್‌ನಿಂದ ನೇರ ಎಳೆದು ಹಾಕಿದ್ದರೆ, ಚುಕ್ಕೆಯಿಂದ ಶುರುವಾಗುವ ಆ ಫೋಲ್ಡರನ್ನು ಕ್ಯಾಡಿ ತಾನಾಗಿ ಮುಚ್ಚಿಡೋದಿಲ್ಲ, ಫೈಲ್ ಸರ್ವರ್ ಸಾಲಿನ ಒಳಗೆ ಹೈಡ್ ಅಂತ ಬರೆದು ನೀವೇ ಮುಚ್ಚಬೇಕು.