ಕ್ಯೂಜಿಐಎಸ್: ಕಾಸು ಬೇಡ, ಅಳತೆಯಲ್ಲಿ ಮಾತ್ರ ಎಚ್ಚರ

2002ರಲ್ಲಿ ಶುರುವಾದ, ನಕ್ಷೆ ಬಿಡಿಸಿ ಅಳೆಯುವ ಈ ಮುಕ್ತ ತಂತ್ರಾಂಶಕ್ಕೆ ಲೈಸೆನ್ಸ್ ಶುಲ್ಕವಿಲ್ಲ. ಕೆರೆ, ರಸ್ತೆ, ಉಪಗ್ರಹ ಚಿತ್ರ, ಒಂದೊಂದೂ ಒಂದು ಪದರ. ಅವನ್ನು ಒಂದರ ಮೇಲೊಂದು ಹರಡಿ, ಕೆರೆಯಿಂದ 500 ಮೀಟರ್ ಒಳಗೆ ಯಾವ ಮನೆಗಳಿವೆ ಎಂದು ಬಫರ್ (ಸುತ್ತ ಅಷ್ಟು ದೂರದ ವಲಯ) ಹಾಕಿ ನೋಡಬಹುದು.

ಹೊಸಬರು ಎಡವುವುದು ಇಲ್ಲೇ. ಜಿಪಿಎಸ್ ದತ್ತಾಂಶ ಸಾಮಾನ್ಯವಾಗಿ ಇಪಿಎಸ್‌ಜಿ 4326 ಎಂಬ ಸಂಕೇತದ ನಿರ್ದೇಶಾಂಕ ವ್ಯವಸ್ಥೆಯಲ್ಲಿ (ಸಿಆರ್‌ಎಸ್), ಅಂದರೆ ಅಕ್ಷಾಂಶ-ರೇಖಾಂಶದ ಡಿಗ್ರಿಯಲ್ಲಿರುತ್ತದೆ. 500 ಎಂದರೆ 500 ಡಿಗ್ರಿ! ಮೊದಲು ‘ರೀಪ್ರೊಜೆಕ್ಟ್ ಲೇಯರ್’ ಬಳಸಿ, ಮೀಟರಿನಲ್ಲಿ ಅಳೆಯುವ 32643ಕ್ಕೆ ಬದಲಿಸಿ. ಕರ್ನಾಟಕದ ಬಹುಭಾಗಕ್ಕೆ ಅದೇ ಸಾಕು. 78 ಡಿಗ್ರಿ ರೇಖಾಂಶದಿಂದ ಪೂರ್ವಕ್ಕೆ 32644. ಬರೀ ‘ಸೆಟ್ ಲೇಯರ್ ಸಿಆರ್‌ಎಸ್’ ಒತ್ತಿದರೆ ವ್ಯವಸ್ಥೆಯ ಹೆಸರಷ್ಟೇ ಬದಲಾಗಿ, ಅಂಕಿಗಳು ಹಾಗೇ ಉಳಿದು, ಪದರ ಇನ್ನೆಲ್ಲೋ ಹೋಗಿ ಕೂರುತ್ತದೆ.

ಶೇಪ್‌ಫೈಲ್ ಎಂಬ ಕಡತ ರೂಪದ ಗೊಡವೆ ಬೇಡ: ಕಾಲಂ ಹೆಸರನ್ನು 10 ಬೈಟಿಗೆ ಕತ್ತರಿಸುತ್ತದೆ, ಒಂದಕ್ಷರಕ್ಕೇ ಹಲವು ಬೈಟ್ ಬೇಕಾದ ಕನ್ನಡಕ್ಕಂತೂ ಸಾಲದು. ಜಿಯೋಪ್ಯಾಕೇಜ್ ರೂಪದಲ್ಲೇ ಉಳಿಸಿ.