ಸಿಲ್ವರ್ ಮರದ ಮರೆಗೆ ಸರಿದ ಜೀಪು: ನಾಲ್ಕು ತಂತ್ರಾಂಶಗಳಲ್ಲಿ ಟ್ರ್ಯಾಕಿಂಗ್

ಮಡಿಕೇರಿ ಸಮೀಪದಲ್ಲಿರುವ ಬಂಧುವೊಬ್ಬರ ಹೋಂಸ್ಟೇಗಾಗಿ ನಾನು ಚಿತ್ರೀಕರಿಸಿದ ವಿಡಿಯೊದಲ್ಲಿ ಜೀಪೊಂದರ ನಂಬರ್ ಪ್ಲೇಟನ್ನು ಮಸುಕುಗೊಳಿಸಬೇಕಿತ್ತು. ಕೆಲಸ ಸಣ್ಣದೆಂದು ತೋರಿದರೂ, ತೋಟದ ರಸ್ತೆಯಲ್ಲಿ ಇಳಿದು ಬರುವ ಆ ಜೀಪು ಮೆಣಸಿನ ಬಳ್ಳಿ ಹಬ್ಬಿದ ಮೂರು ಸಿಲ್ವರ್ ಮರಗಳ ಹಿಂದೆ ಒಂದೊಂದು ಸಲ ಮರೆಯಾಗಿ ಮತ್ತೆ ಕಾಣಿಸಿಕೊಳ್ಳುತ್ತದೆ. ಅದರೊಂದಿಗೆ ಕ್ಯಾಮೆರಾವೂ ತಿರುಗುತ್ತದೆ. ಈ ತುಣುಕನ್ನೂ, ಕೊಡವ ಕೌಟುಂಬಿಕ ಹಾಕಿ ಪಂದ್ಯವೊಂದರಲ್ಲಿ ಒಬ್ಬ ಆಟಗಾರನನ್ನು ಮಾತ್ರ ಬೆಳಗಿಸಿ ತೋರಿಸಬೇಕಿದ್ದ ಇನ್ನೊಂದು ತುಣುಕನ್ನೂ ಕೆಡೆನ್‌ಲೈವ್, ಪ್ರೀಮಿಯರ್ ಪ್ರೊ, ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ಹಾಗೂ ಆಫ್ಟರ್ ಎಫೆಕ್ಟ್ಸ್ ಜೊತೆಗೆ ಬರುವ ಮೋಕಾ, ಈ ನಾಲ್ಕು ವಿಡಿಯೊ ತಂತ್ರಾಂಶಗಳಲ್ಲಿ ಮಾಡಿ ನೋಡಿದೆ. ಚಲಿಸುವ ವಸ್ತುವನ್ನು ಫ್ರೇಮಿನಿಂದ ಫ್ರೇಮಿಗೆ ಹಿಂಬಾಲಿಸುವುದೇ ಟ್ರ್ಯಾಕಿಂಗ್. ಅಡೆತಡೆಯಿಲ್ಲದ ಬಯಲಿನಲ್ಲಿ ಸಾಗುವ ವಸ್ತುವನ್ನು ಇವೆಲ್ಲವೂ ಹಿಂಬಾಲಿಸುತ್ತವೆ. ಆದ್ದರಿಂದ ಹಿಡಿತ ತಪ್ಪಿದ ಬಳಿಕ ಸರಿಪಡಿಸಲು ಎಷ್ಟು ಕೈಕೆಲಸ ಬೇಕಾಗುತ್ತದೆ ಎಂಬುದನ್ನೇ ಅಳತೆಗೋಲಾಗಿಸಿಕೊಂಡೆ.

ಕೆಡೆನ್‌ಲೈವ್ ಸಂಪೂರ್ಣ ಉಚಿತ. ಅದರ ಮೋಷನ್ ಟ್ರ್ಯಾಕರ್‌ನಲ್ಲಿ ಪ್ಲೇಟಿನ ಸುತ್ತ ಪೆಟ್ಟಿಗೆ ಎಳೆದು ವಿಶ್ಲೇಷಣೆಗೆ ಬಿಟ್ಟರೆ, ಮಸುಕುಗೊಳಿಸುವ ಸೌಲಭ್ಯವೂ ಅಲ್ಲಿಯೇ ಸಿಗುತ್ತದೆ. ಹಿಂಬಾಲಿಸಲು ಅದರಲ್ಲಿರುವ ವಿಧಾನಗಳಲ್ಲಿ ಕೆಸಿಎಫ್ ವೇಗದ್ದು, ಆದರೆ ಜೀಪು ಹತ್ತಿರವಾದಂತೆ ಪೆಟ್ಟಿಗೆ ಹಿಗ್ಗುವುದಿಲ್ಲ. ಸಿಎಸ್‌ಆರ್‌ಟಿ ಎಂಬ ಇನ್ನೊಂದು ವಿಧಾನ ನಿಧಾನವಾದರೂ ಗಾತ್ರದ ಬದಲಾವಣೆಯನ್ನು ಗಮನಿಸುತ್ತದೆ. ಎರಡೂ ಮೊದಲ ಮರದ ಕಾಂಡಕ್ಕೇ ಅಂಟಿಕೊಂಡವು.

ಪ್ರೀಮಿಯರ್‌ನಲ್ಲಿ ಸ್ಥಾನ, ಅಳತೆ, ತಿರುಗುವಿಕೆ ಮೂರನ್ನೂ ಹಿಂಬಾಲಿಸುವಂತೆ ಮಾಸ್ಕ್‌ಗೆ (ಪರಿಣಾಮ ಬೀಳಬೇಕಾದ ಭಾಗವನ್ನು ಸುತ್ತುವರಿಯುವ ಆಕಾರಕ್ಕೆ) ಸೂಚಿಸಬಹುದು. ತೊಡಕೆಂದರೆ, ಅದು ಪ್ರತಿ ಫ್ರೇಮಿಗೂ ಒಂದು ಕೀಫ್ರೇಮ್, ಅಂದರೆ ಮಾಸ್ಕ್ ಆ ಕ್ಷಣದಲ್ಲಿ ಎಲ್ಲಿರಬೇಕೆಂಬ ಗುರುತು, ಬರೆಯುತ್ತದೆ. ದಾರಿ ತಪ್ಪಿದ ಕೀಫ್ರೇಮ್‌ಗಳನ್ನು ಆಯ್ದು ಅಳಿಸುವುದು ಅಕ್ಕಿಯಲ್ಲಿ ಕಲ್ಲು ಆರಿಸಿದಂತಹ ಕೆಲಸ. ಮೂರನೆಯ ಮರಕ್ಕೆ ಬರುವಷ್ಟರಲ್ಲಿ ನನ್ನ ತಾಳ್ಮೆ ಮುಗಿದಿತ್ತು.

ನಂಬರ್ ಪ್ಲೇಟಿನ ಮಟ್ಟಿಗೆ ಮೋಕಾಕ್ಕೆ ಸಾಟಿಯಿಲ್ಲ. ಅದು ಬಿಂದುವನ್ನಲ್ಲ, ಸಮತಲವನ್ನು ಹಿಂಬಾಲಿಸುತ್ತದೆ. ಪ್ಲೇಟು ಸಪಾಟಾದ ವಸ್ತುವಾದ್ದರಿಂದ ಜೀಪು ಓರೆಯಾಗಿ ತಿರುಗಿದಾಗ ಮಾಸ್ಕ್ ಕೂಡ ಅದೇ ಓರೆಯಲ್ಲಿ ಬಾಗಿತು. ಮರಗಳ ಸಮಸ್ಯೆಗೆ ಅಲ್ಲಿರುವ ಉಪಾಯ ಸರಳ: ಕಾಂಡದ ಸುತ್ತ ಪ್ರತ್ಯೇಕ ಪದರ ಬರೆದು, ಅದನ್ನು ಮೊದಲು ಹಿಂಬಾಲಿಸಿ, ಪ್ಲೇಟಿನ ಪದರಕ್ಕಿಂತ ಮೇಲಿಟ್ಟರೆ, ಕೆಳಗಿನ ಪದರ ಆ ಭಾಗವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಪ್ಲೇಟಿನ ಅಂಚು ಮಾತ್ರ ಮರೆಯಾದಾಗ ಹಿಡಿತ ತಪ್ಪಲಿಲ್ಲ. ಪೂರ್ತಿ ಮರೆಯಾದ ಕೆಲವು ಫ್ರೇಮುಗಳನ್ನು ಮಾತ್ರ ಕೈಯಿಂದ ಜೋಡಿಸಬೇಕಾಯಿತು. ಆದರೆ ಆಫ್ಟರ್ ಎಫೆಕ್ಟ್ಸ್‌ಗೆ ಚಂದಾ ಕಟ್ಟಬೇಕು ಎಂಬುದನ್ನು ಮರೆಯುವಂತಿಲ್ಲ.

ಹಾಕಿ ತುಣುಕಿನಲ್ಲಿ ಈ ಲೆಕ್ಕಾಚಾರ ತಲೆಕೆಳಗಾಯಿತು. ಓಡುವ ಮನುಷ್ಯನ ಮೈಯಲ್ಲಿ ಸಮತಲವೆಂಬುದಿಲ್ಲ, ಆದ್ದರಿಂದ ಮೋಕಾ ತಡವರಿಸಿತು. ರಿಸಾಲ್ವ್‌ನಲ್ಲಿ ಮಾಸ್ಕಿನಂತೆಯೇ ಇರುವ ಪವರ್ ವಿಂಡೋ ಎಂಬ ಆಕಾರದ ಒಳಗಿನ ಅನೇಕ ಬಿಂದುಗಳನ್ನು ಒಟ್ಟಿಗೆ ಹಿಂಬಾಲಿಸುವುದರಿಂದ, ಬೆಳಗಿಸಲು ಎಳೆದ, ಅಂಚು ಮೆತ್ತಗಿರುವ ಅಂಡಾಕಾರ ಆಟಗಾರನ ಬೆನ್ನು ಬಿಡಲಿಲ್ಲ. ಅದೇ ಜೆರ್ಸಿ ತೊಟ್ಟ ಇನ್ನೊಬ್ಬ ಅಡ್ಡ ಬಂದಾಗ ಅದು ಅವನ ಹಿಂದೆ ಹೋದದ್ದು ನಿಜ; ಆಗ ಕೆಟ್ಟ ಭಾಗವನ್ನು ಮಾತ್ರ ಅಳಿಸಿ, ಫ್ರೇಮ್ ಎಂಬ ಆಯ್ಕೆಗೆ ಬದಲಿಸಿ, ಆಚೆ ಈಚೆ ಒಂದೊಂದು ಕಡೆ ಅಂಡಾಕಾರವನ್ನು ಕೂರಿಸಿದರೆ ನಡುವಿನ ಚಲನೆಯನ್ನು ತಂತ್ರಾಂಶವೇ ತುಂಬಿಕೊಂಡಿತು. ಮನುಷ್ಯಾಕೃತಿಯನ್ನೇ ಗುರುತಿಸಿ ಕತ್ತರಿಸುವ ಮ್ಯಾಜಿಕ್ ಮಾಸ್ಕ್ ಹಣ ಕೊಟ್ಟು ಕೊಳ್ಳುವ ಸ್ಟುಡಿಯೊ ಆವೃತ್ತಿಗೆ ಸೀಮಿತ. ಬರೀ ಬೆಳಕು ಹಾಯಿಸುವ ಇಂತಹ ಕೆಲಸಕ್ಕೆ ಅದರ ಅಗತ್ಯ ನನಗೆ ಕಂಡುಬರಲಿಲ್ಲ.