ಸೀರಂ ಅಗ್ಗವಾಗಿ ಸಿಕ್ಕರೆ ಮೊದಲು ಲಾಟ್ ನಂಬರ್ ನೋಡಿ

ಪುಣೆಯ ಲ್ಯಾಬ್‌ಗಳಲ್ಲಿ ಸೆಲ್ ಕಲ್ಚರ್ (ಜೀವಕೋಶಗಳನ್ನು ದೇಹದ ಹೊರಗೆ ಬೆಳೆಸುವ ಕೆಲಸ) ಮಾಡುವ ನಮ್ಮ ಕನ್ನಡದ ಹುಡುಗ ಹುಡುಗಿಯರು ಮುಂದಿನ ಆರ್ಡರ್ ಹಾಕುವ ಮುಂಚೆ ಇದನ್ನು ದಯವಿಟ್ಟು ಓದಿ.

ನಮ್ಮ ಲ್ಯಾಬಿಗೆ ಎಫ್‌ಬಿಎಸ್, ಅಂದರೆ ಸೆಲ್‌ಗಳು ಬೆಳೆಯಲೆಂದು ಹಾಕುವ ದನದ ಭ್ರೂಣದ ಸೀರಂ, ಬೇಕಿತ್ತು. ಬಂದ ಕೊಟೇಶನ್‌ಗಳಲ್ಲಿ ಒಂದರ ದರ ಉಳಿದವುಗಳ ಅರ್ಧಕ್ಕಿಂತ ಕಡಿಮೆ. ಡೀಲರ್ ಕಡೆಯವರು ಸೊಲ್ಲಾಪುರದವರು, ಮನೆಮಾತು ಕನ್ನಡ. "ಮೇಡಂರೀ, ಮಾಲು ಎಲ್ಲಾ ಒಂದರೀ. ದೇಶದ ಹೆಸರಿಗಷ್ಟ ರೊಕ್ಕ ತಗೋತಾರ" ಅಂದರು. ಸ್ಯಾಂಪಲ್‌ನಲ್ಲಿ ಸೆಲ್‌ಗಳು ಚೆನ್ನಾಗಿಯೇ ಬೆಳೆದವು. ಖರೀದಿ ವಿಭಾಗ ಅವರಿಗೇ ಆರ್ಡರ್ ಕೊಟ್ಟಿತು.

ಬಂದ ಮಾಲಿನಲ್ಲಿ ಹೀಲಾ ಸೆಲ್‌ಗಳಿಗೆ (ಲ್ಯಾಬ್‌ಗಳಲ್ಲಿ ಸುಲಭವಾಗಿ ಬೆಳೆಯುವ ಗಟ್ಟಿ ಕ್ಯಾನ್ಸರ್ ಸೆಲ್‌ಗಳು) ಏನೂ ಆಗಲಿಲ್ಲ. ಆದರೆ ನಮ್ಮ ಪಿಎಚ್‌ಡಿ ಹುಡುಗಿಯ ಸ್ಟೆಮ್ ಸೆಲ್‌ಗಳು ಫ್ಲಾಸ್ಕಿಗೆ ಅಂಟುವುದನ್ನೇ ಬಿಟ್ಟವು. ಮೈಕೋಪ್ಲಾಸ್ಮಾ (ಸೆಲ್‌ಗಳನ್ನು ಕೆಡಿಸುವ ಸಣ್ಣ ಬ್ಯಾಕ್ಟೀರಿಯಾ) ಇರಬಹುದೆಂದು ಪಿಸಿಆರ್ ಪರೀಕ್ಷೆ ಮಾಡಿದೆವು, ಇರಲಿಲ್ಲ. ಸೆಲ್‌ಗಳನ್ನು ಫ್ಲಾಸ್ಕಿನಿಂದ ಬಿಡಿಸುವ ಟ್ರಿಪ್ಸಿನ್ ಬದಲಾಯಿಸಿದ್ದಾಯಿತು, ಇನ್‌ಕ್ಯುಬೇಟರ್ ತೊಳೆದದ್ದಾಯಿತು. ಕೊನೆಗೆ ಆ ಹುಡುಗಿಗೇ ಕೆಲಸ ಬರುವುದಿಲ್ಲ ಎಂಬ ಮಾತು ಬಂತು. ಅದು ನನಗೆ ಇವತ್ತಿಗೂ ಸಂಕಟ. ಫ್ರೀಜರ್‌ನಲ್ಲಿ ಉಳಿದಿದ್ದ ಹಳೆಯ ಸೀರಂ ಹಾಕಿದ ಮೇಲೆ ಅವೇ ಸೆಲ್‌ಗಳು ಚೇತರಿಸಿಕೊಂಡವು. ಹೊಸ ಬಾಟಲಿ ತಿರುಗಿಸಿ ನೋಡಿದರೆ ಲಾಟ್ ನಂಬರ್ (ಒಟ್ಟಿಗೆ ತಯಾರಾದ ಮಾಲಿನ ಗುರುತು) ಸ್ಯಾಂಪಲ್‌ನದಲ್ಲ, ಬೇರೆ. ಜೊತೆಗೆ ಕಳಿಸಿದ್ದ ಸರ್ಟಿಫಿಕೇಟ್ ಸ್ಯಾಂಪಲ್ ಲಾಟಿನದು.

ದೇಶದ ಹೆಸರಿಗೆ ರೊಕ್ಕ ಅನ್ನುವುದು ಅರ್ಧ ನಿಜ, ಅದಕ್ಕೇ ಅಪಾಯ. ಕಸಾಯಿಖಾನೆಗೆ ಬಂದ ಗಬ್ಬದ ಹಸುವಿನ ಭ್ರೂಣದ ರಕ್ತದಿಂದ ತೆಗೆಯುವ ಸೀರಂ ಇದು. ಮಾಂಸದ ಉದ್ಯಮದ ಜೊತೆ ಬರುವಷ್ಟೇ ಸಿಗುತ್ತದೆ; ಬೇಡಿಕೆ ಏರಿತೆಂದು ಹೆಚ್ಚು ತಯಾರಿಸಲು ಬರುವುದಿಲ್ಲ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಕಾಲುಬಾಯಿ ರೋಗವಿಲ್ಲ, ಹುಚ್ಚು ಹಸು ರೋಗದ ಭಯವೂ ತೀರಾ ಕಡಿಮೆ, ಹಾಗಾಗಿ ಅಲ್ಲಿನದು ದುಬಾರಿ. ಲಸಿಕೆ, ಔಷಧ ಮಾಡುವವರಿಗೆ ಇಂಥ ಕಡಿಮೆ ಅಪಾಯದ ದೇಶದ ಸೀರಂ ಬೇಕಾಗುತ್ತದೆ. ಸೆಲ್ ಬೆಳೆಯುವುದಕ್ಕೂ ದೇಶಕ್ಕೂ ನೇರ ಸಂಬಂಧವಿಲ್ಲ; ದಕ್ಷಿಣ ಅಮೆರಿಕದ ಒಳ್ಳೆಯ ಲಾಟ್ ನಮ್ಮಂಥವರಿಗೆ ಸಾಕು. ಎಂಡೋಟಾಕ್ಸಿನ್ (ಬ್ಯಾಕ್ಟೀರಿಯಾದ ವಿಷ), ಹಿಮೋಗ್ಲೋಬಿನ್ ಕಡಿಮೆ ಇದ್ದರೆ ದರ ಏರುತ್ತದೆ. ಚಾರ್ಕೋಲ್‌ನಿಂದ ಹಾರ್ಮೋನ್ ತೆಗೆದದ್ದಕ್ಕೆ ಇನ್ನೂ ಹೆಚ್ಚು, ಆದರೆ ಹಾರ್ಮೋನ್ ಪ್ರಯೋಗ ಇಲ್ಲದವರಿಗೆ ಅದು ಬೇಡ. ಹೀಟ್ ಇನ್‌ಆಕ್ಟಿವೇಟ್ ಮಾಡಿದ್ದಕ್ಕೂ ಹೆಚ್ಚು ಕೊಡಬೇಕಿಲ್ಲ, ವಾಟರ್ ಬಾತ್‌ನಲ್ಲಿ 56 ಡಿಗ್ರಿಗೆ 30 ನಿಮಿಷ ಇಟ್ಟು ನಾವೇ ಮಾಡಿಕೊಳ್ಳಬಹುದು.

ದುಡ್ಡು ಹೆಚ್ಚು ಕೊಟ್ಟರೂ ಮೋಸ ತಪ್ಪಿದ್ದಲ್ಲ. ಆಸ್ಟ್ರಿಯಾದ ಪಿಎಎ ಕಂಪನಿಯ ಸೀರಂಗೆ ನೀರು, ದನದ ಅಲ್ಬುಮಿನ್ (ರಕ್ತದ ಒಂದು ಪ್ರೋಟೀನ್), ಬೆಳವಣಿಗೆ ಹೆಚ್ಚಿಸುವ ಪದಾರ್ಥ ಬೆರೆಸಿದ್ದು 2013ರಲ್ಲಿ ಬಯಲಾಯಿತು. ಅಂಥ ಮಾಲು ಸುಮಾರು 2,80,000 ಲೀಟರ್ ಇತ್ತು.

ನಮ್ಮ ಡೀಲರ್, ಸೀಲ್ ಒಡೆದಿದೆ ಎಂದು ಬಾಟಲಿ ವಾಪಸ್ ತಗೊಳ್ಳಲಿಲ್ಲ. ಆದ್ದರಿಂದ ಸ್ಯಾಂಪಲ್ ಅನ್ನು ಹೀಲಾ ಮೇಲೆ ಅಲ್ಲ, ನಿಮ್ಮಲ್ಲಿರುವ ಅತಿ ಸೂಕ್ಷ್ಮ ಸೆಲ್ ಮೇಲೆ, ಕೆಲವು ಪ್ಯಾಸೇಜ್ (ಬೆಳೆದ ಸೆಲ್‌ಗಳನ್ನು ಹೊಸ ಫ್ಲಾಸ್ಕಿಗೆ ಹಾಕುವ ಸುತ್ತು) ನೋಡಿ. ಒಪ್ಪಿಗೆಯಾದರೆ ಆ ಲಾಟ್ ನಂಬರನ್ನು ಪರ್ಚೇಸ್ ಆರ್ಡರ್‌ನಲ್ಲೇ ಬರೆಸಿ, ವರ್ಷಕ್ಕಾಗುವಷ್ಟು ಅದರಲ್ಲೇ ಕಾಯ್ದಿರಿಸಿ. ಮೂಲದೇಶದ ಸರ್ಟಿಫಿಕೇಟನ್ನೂ ಕೇಳಿ. ಬಾಕ್ಸ್ ಬಂದ ದಿನವೇ, ಸೀಲ್ ಮುಟ್ಟುವ ಮುಂಚೆ, ಪ್ರತಿ ಬಾಟಲಿಯ ನಂಬರ್ ತಾಳೆ ನೋಡಿ ಫೋಟೋ ತೆಗೆದಿಡಿ. ಹೊಂದದಿದ್ದರೆ ಬಿಲ್‌ಗೆ ಸಹಿ ಹಾಕಬೇಡಿ.